ಆಟದ ಮೈದಾನ, ಹಾಡಿನ ವೇದಿಕೆ ಮತ್ತು ನಮ್ಮ ವಿಶ್ವಾಸ

ನಮ್ಮ ಕರಾವಳಿಯಲ್ಲಿ ಮಳೆ ನಿಂತು, ಕೊಯ್ಲು ಮುಗಿದು, ಗದ್ದೆ ಒಣಗಿತೆಂದರೆ ಟೂರ್ನಮೆಂಟುಗಳ ಕಾಲ ಶುರುವಾಯಿತೆಂದೇ ಅರ್ಥ. ಕ್ರಿಕೆಟ್, ವಾಲಿಬಾಲ್, ತ್ರೋಬಾಲ್, ಹಗ್ಗಜಗ್ಗಾಟ ಎಂದು ಒಂದು ಧರ್ಮಕೇಂದ್ರದ ಹಿಂದೆ ಇನ್ನೊಂದು ಬ್ಯಾನರ್ ಕಟ್ಟುತ್ತದೆ. ಅದರ ಜೊತೆಗೇ ಪಾಲನಾ ಪರಿಷದ್ ಸಭೆಗಳಲ್ಲಿ ಹಳೆಯ ಪ್ರಶ್ನೆಗಳೂ ಮತ್ತೆ ಏಳುತ್ತವೆ. ಭಾನುವಾರ ಬೆಳಿಗ್ಗೆ ಪಂದ್ಯ ಇಡಬಹುದೇ? ದೃಢೀಕರಣ ಸಂಸ್ಕಾರ ಮುಗಿದ ಮೇಲೆ ಬಲಿಪೂಜೆಗೆ ಅಪರೂಪವಾದ ಹುಡುಗರು ಮೈದಾನದಲ್ಲಿ ಮಾತ್ರ ಕಾಣಸಿಗುವುದೇಕೆ? ಮಕ್ಕಳ ಬಾಯಲ್ಲಿ ಸಂತರ ಹೆಸರಿಗಿಂತ ಆಟಗಾರರ, ನಟರ ಹೆಸರೇ ಹೆಚ್ಚು ಕೇಳಿಸುತ್ತಿದೆಯಲ್ಲ, ಏನು ಮಾಡುವುದು?

ಈ ಪ್ರಶ್ನೆಗಳಿಗೆ ಸಾಮಾನ್ಯವಾಗಿ ಎರಡು ಉತ್ತರಗಳು ಸಿಗುತ್ತವೆ. ಇವೆಲ್ಲ ಲೋಕದ ವ್ಯಾಮೋಹ, ದೂರವಿಡಿ ಎನ್ನುವುದು ಮೊದಲನೆಯದು. ಯುವಜನರನ್ನು ಸೆಳೆಯಲು ಬೇರೆ ದಾರಿಯಿಲ್ಲ, ಆಟ ಇಡಿ, ಡಿಜೆ ಹಾಕಿಸಿ, ಹೇಗಾದರೂ ಬರಲಿ ಎನ್ನುವುದು ಎರಡನೆಯದು. ಧರ್ಮಸಭೆಯ ಬೋಧನೆ ಈ ಎರಡನ್ನೂ ಒಪ್ಪುವುದಿಲ್ಲ. ಆಟ ಮತ್ತು ಕಲೆ ದೇವರ ಕೊಡುಗೆಗಳು. ಆದ್ದರಿಂದ ಅವು ಪಾಪವೂ ಅಲ್ಲ, ಜನರನ್ನು ಹಿಡಿಯುವ ಗಾಳವೂ ಅಲ್ಲ. ಅವು ದೇವರೂ ಅಲ್ಲ. ಈ ಮಾತಿನ ಅರ್ಥವೇನೆಂಬುದನ್ನು ಚರಿತ್ರೆಯ ಮತ್ತು ನಮ್ಮ ಕಾಲದ ಕೆಲವು ಉದಾಹರಣೆಗಳ ಮೂಲಕ ಇಲ್ಲಿ ವಿವರಿಸಲು ಬಯಸುತ್ತೇವೆ.

ಆದಿ ಕ್ರೈಸ್ತರು ಮತ್ತು ಮೈದಾನ

ಸಂತ ಪೌಲರು ಕೊರಿಂಥ ಪಟ್ಟಣದಲ್ಲಿ ಒಂದೂವರೆ ವರ್ಷ ನೆಲೆಸಿದ್ದರೆಂದು ಪ್ರೇಷಿತರ ಕಾರ್ಯಕಲಾಪಗಳು ತಿಳಿಸುತ್ತವೆ. ಆ ಪಟ್ಟಣದ ಸಮೀಪದಲ್ಲೇ ಎರಡು ವರ್ಷಗಳಿಗೊಮ್ಮೆ ಇಸ್ತ್ಮಿಯನ್ ಕ್ರೀಡೆಗಳು ನಡೆಯುತ್ತಿದ್ದವು. ಕೊರಿಂಥದ ಕ್ರೈಸ್ತರಿಗೆ ಬರೆದ ಮೊದಲನೆಯ ಪತ್ರದ 9ನೇ ಅಧ್ಯಾಯದಲ್ಲಿ ಪೌಲರು ಓಟಗಾರನನ್ನೂ ಮುಷ್ಟಿಮಲ್ಲನನ್ನೂ ಉದಾಹರಿಸಿರುವುದು ಇದೇ ಹಿನ್ನೆಲೆಯಲ್ಲಿ. ಬಾಡಿಹೋಗುವ ಎಲೆಯ ಕಿರೀಟಕ್ಕಾಗಿ ಅವರು ಅಷ್ಟೊಂದು ಸಂಯಮ ಪಾಲಿಸುವಾಗ, ಬಾಡದ ಕಿರೀಟಕ್ಕಾಗಿ ನಾವು ಎಷ್ಟು ಪಾಲಿಸಬೇಕು ಎಂಬುದು ಅವರ ವಾದದ ಸಾರ. ಕ್ರೀಡಾಪಟುವಿನ ಶಿಸ್ತನ್ನು ಪೌಲರು ಹೀಯಾಳಿಸುವುದಿಲ್ಲ. ಅದನ್ನು ವಿಶ್ವಾಸಿಗಳ ಮುಂದೆ ಮಾದರಿಯಾಗಿ ಇಡುತ್ತಾರೆ, ಆದರೆ ಆ ಕಿರೀಟ ಬಾಡುತ್ತದೆಂಬುದನ್ನೂ ಮರೆಯುವುದಿಲ್ಲ.

ಸುಮಾರು ಒಂದೂವರೆ ಶತಮಾನದ ನಂತರ, ಉತ್ತರ ಆಫ್ರಿಕದ ಕಾರ್ಥೇಜಿನ ತೆರ್ತುಲಿಯನ್ ಎಂಬ ಲೇಖಕರು ಸಾರ್ವಜನಿಕ ಪ್ರದರ್ಶನಗಳ ವಿರುದ್ಧ ಒಂದು ಕಟುವಾದ ಗ್ರಂಥವನ್ನೇ ಬರೆದರು. ಕ್ರೈಸ್ತರು ಅಂಥ ಪ್ರದರ್ಶನಗಳಿಗೆ ಹೋಗಲೇಬಾರದು ಎಂಬುದು ಅವರ ನಿಲುವು. ಇದನ್ನು ಓದಿ ಆದಿ ಧರ್ಮಸಭೆ ಆಟದ ವಿರೋಧಿಯಾಗಿತ್ತು ಎನ್ನುವವರಿದ್ದಾರೆ. ಅಂದು ನಡೆಯುತ್ತಿದ್ದುದೇನೆಂದು ನೋಡಬೇಕು. ಅವು ವಿಗ್ರಹಾರಾಧನೆಯೊಂದಿಗೆ ಹೆಣೆದುಕೊಂಡಿದ್ದ ಉತ್ಸವಗಳು. ಅಖಾಡದಲ್ಲಿ ಮನುಷ್ಯರು ಮನುಷ್ಯರನ್ನು ಕೊಲ್ಲುವುದನ್ನು ಸಾವಿರಾರು ಜನ ಕುಳಿತು ಸವಿಯುತ್ತಿದ್ದರು.

5ನೇ ಶತಮಾನದ ಆರಂಭದಲ್ಲಿ ಪೂರ್ವ ದೇಶದ ತೆಲೆಮಾಕುಸ್ ಎಂಬ ಸನ್ಯಾಸಿ ರೋಮಿಗೆ ಬಂದು, ಅಖಾಡಕ್ಕೆ ಇಳಿದು ಹೋರಾಟಗಾರರನ್ನು ತಡೆಯಲು ಯತ್ನಿಸಿದರೆಂದೂ, ತಮ್ಮ ಮನರಂಜನೆ ಕೆಟ್ಟಿತೆಂದು ರೊಚ್ಚಿಗೆದ್ದ ಪ್ರೇಕ್ಷಕರೇ ಅವರನ್ನು ಕಲ್ಲೆಸೆದು ಕೊಂದರೆಂದೂ, ಇದನ್ನು ತಿಳಿದ ಚಕ್ರವರ್ತಿ ಹೊನೋರಿಯುಸ್ ಆ ಪ್ರದರ್ಶನಗಳನ್ನು ನಿಲ್ಲಿಸಿದನೆಂದೂ ಧರ್ಮಾಧ್ಯಕ್ಷ ಥಿಯೊಡೊರೆಟ್ ತಮ್ಮ ಚರಿತ್ರೆಯಲ್ಲಿ ದಾಖಲಿಸಿದ್ದಾರೆ. ಆ ಸನ್ಯಾಸಿಯನ್ನು ಕೊಂದವರು ಖಡ್ಗ ಹಿಡಿದವರಲ್ಲ, ನೋಡಲು ಬಂದವರು. ನೋಡುವವರಿಗೂ ಹೊಣೆಯಿದೆ ಎಂಬ ಪಾಠ ಅಷ್ಟು ಹಳೆಯದು.

ಧರ್ಮಸಭೆ ಮೈದಾನಕ್ಕೆ ಬಾಗಿಲು ತೆರೆದ ಬಗೆ

ಆಧುನಿಕ ಕ್ರೀಡೆಯ ಚರಿತ್ರೆಯಲ್ಲಿ ಕ್ರೈಸ್ತರ ಪಾತ್ರ ಸಣ್ಣದೇನಲ್ಲ. ಇಟಲಿಯ ತುರಿನ್ ನಗರದ ಬಡ ಹುಡುಗರನ್ನು ಒಟ್ಟುಗೂಡಿಸಿದ ಸಂತ ಜಾನ್ ಬೋಸ್ಕೊ, ಬಾಲ್ಯದಲ್ಲೇ ಹಗ್ಗದ ಮೇಲೆ ನಡೆಯುವ, ಕೈಚಳಕ ತೋರುವ ವಿದ್ಯೆ ಕಲಿತಿದ್ದರು. ಅವರ ಸಂಸ್ಥೆಗಳಲ್ಲಿ ಪ್ರಾರ್ಥನಾಲಯದಷ್ಟೇ ಆಟದ ಅಂಗಳವೂ ಮುಖ್ಯವಾಗಿತ್ತು. 1891ರಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಬಾಸ್ಕೆಟ್‌ಬಾಲ್ ಆಟವನ್ನು ರೂಪಿಸಿದ ಜೇಮ್ಸ್ ನೈಸ್ಮಿತ್ ದೇವಶಾಸ್ತ್ರ ಓದಿದವರು. ವಾಲಿಬಾಲ್ ಹುಟ್ಟಿದ್ದೂ 1895ರಲ್ಲಿ, ವೈಎಂಸಿಎ ಸಂಸ್ಥೆಯ ಅಂಗಳದಲ್ಲೇ. ಇನ್ನಷ್ಟು ವೇಗ, ಇನ್ನಷ್ಟು ಎತ್ತರ, ಇನ್ನಷ್ಟು ಬಲ ಎಂಬರ್ಥದ ಒಲಿಂಪಿಕ್ ಧ್ಯೇಯವಾಕ್ಯವನ್ನು ಕೊಟ್ಟವರು ಹೆನ್ರಿ ದಿದೋನ್ ಎಂಬ ಫ್ರಾನ್ಸಿನ ಡೊಮಿನಿಕನ್ ಗುರು. ಅವರು ಅದನ್ನು ತಮ್ಮ ಶಾಲೆಯ ಮಕ್ಕಳಿಗಾಗಿ ಹೇಳಿದ್ದರು. 1894ರಲ್ಲಿ ಅದು ಒಲಿಂಪಿಕ್ ಚಳವಳಿಯದಾಯಿತು. 2021ರಲ್ಲಿ ಅದಕ್ಕೆ ‘ಒಟ್ಟಾಗಿ’ ಎಂಬರ್ಥದ ಪದವನ್ನು ಸೇರಿಸಲಾಯಿತು.

ಪೋಪ್ ಸಂತ ಹತ್ತನೇ ಪಿಯುಸ್ 1905 ಮತ್ತು 1908ರಲ್ಲಿ ವ್ಯಾಟಿಕನ್ನಿನ ಅಂಗಳದಲ್ಲೇ ಯುವಕರ ಅಂಗಸಾಧನೆಯ ಪ್ರದರ್ಶನಗಳಿಗೆ ಅವಕಾಶ ಕೊಟ್ಟರು. 1965ರಲ್ಲಿ ಎರಡನೇ ವ್ಯಾಟಿಕನ್ ಮಹಾಸಭೆಯು ಆಧುನಿಕ ಜಗತ್ತಿನಲ್ಲಿ ಧರ್ಮಸಭೆಯ ಕುರಿತಾದ ಸಂವಿಧಾನದ 61ನೇ ವಿಭಾಗದಲ್ಲಿ, ಕ್ರೀಡೆಯು ಮನಸ್ಸಿನ ಸಮತೋಲನಕ್ಕೂ ಬೇರೆ ಬೇರೆ ಜನಾಂಗಗಳ ಸೋದರಭಾವಕ್ಕೂ ನೆರವಾಗುತ್ತದೆಂದು ಹೇಳಿತು. 2000ದ ಅಕ್ಟೋಬರ್ 29ರಂದು ಪೋಪ್ ಎರಡನೇ ಜಾನ್ ಪಾಲ್ ರೋಮಿನ ಒಲಿಂಪಿಕ್ ಕ್ರೀಡಾಂಗಣದಲ್ಲಿ ಕ್ರೀಡಾಪಟುಗಳಿಗಾಗಿ ಜುಬಿಲಿ ಬಲಿಪೂಜೆ ಅರ್ಪಿಸಿ, ದುರ್ಬಲರನ್ನು ಕಾಯುವ, ಯಾರನ್ನೂ ಹೊರಗಿಡದ ಕ್ರೀಡೆ ನಮ್ಮದಾಗಲಿ ಎಂಬ ಆಶಯ ವ್ಯಕ್ತಪಡಿಸಿದರು. 2018ರ ಜೂನ್ 1ರಂದು ವ್ಯಾಟಿಕನ್ ಕ್ರೀಡೆಗಾಗಿಯೇ ಒಂದು ಪೂರ್ಣ ದಾಖಲೆಯನ್ನು ಹೊರತಂದಿತು. ದೇಹದ ಶೋಷಣೆ, ಉದ್ದೀಪನ ಮದ್ದು, ಭ್ರಷ್ಟಾಚಾರ, ಪ್ರೇಕ್ಷಕರ ನಡವಳಿಕೆ ಇವು ಇಂದಿನ ನಾಲ್ಕು ದೊಡ್ಡ ಸವಾಲುಗಳೆಂದು ಅದು ಗುರುತಿಸಿದೆ.

ಇಷ್ಟೆಲ್ಲ ಸ್ವಾಗತದ ನಡುವೆಯೂ ಎಚ್ಚರಿಕೆಯ ಮಾತು ತಪ್ಪಿಲ್ಲ. ಕಥೋಲಿಕ ಧರ್ಮೋಪದೇಶ ಗ್ರಂಥವು ಆರೋಗ್ಯದ ಕಾಳಜಿಯನ್ನು ಕರ್ತವ್ಯವೆನ್ನುತ್ತದೆ. ಆದರೆ ದೇಹವನ್ನೇ ಪೂಜಿಸುವ, ಅಂಗಸೌಷ್ಠವವನ್ನೂ ಕ್ರೀಡೆಯ ಗೆಲುವನ್ನೂ ವಿಗ್ರಹವಾಗಿಸುವ ಮನೋಭಾವವನ್ನು ಅದು 2289ನೇ ಸಂಖ್ಯೆಯಲ್ಲಿ ಸ್ಪಷ್ಟವಾಗಿ ತಿರಸ್ಕರಿಸುತ್ತದೆ.

ಭಾನುವಾರದ ಪ್ರಶ್ನೆ

ಭಾನುವಾರದ ವಿಷಯದಲ್ಲಿ ಕ್ರೈಸ್ತ ಲೋಕವೆಲ್ಲ ನೆನೆಯುವ ಹೆಸರು ಎರಿಕ್ ಲಿಡೆಲ್ ಅವರದು. ಚೀನಾದಲ್ಲಿ ಸೇವೆ ಮಾಡುತ್ತಿದ್ದ ಸ್ಕಾಟ್ಲೆಂಡಿನ ಮಿಶನರಿ ದಂಪತಿಗೆ 1902ರಲ್ಲಿ ಹುಟ್ಟಿದ ಇವರು ಕಥೋಲಿಕರಲ್ಲ, ಪ್ರೊಟೆಸ್ಟಂಟ್ ಪಂಗಡದವರು. 1924ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 100 ಮೀಟರ್ ಓಟದ ಪ್ರಾಥಮಿಕ ಸುತ್ತು ಭಾನುವಾರ ನಡೆಯಲಿದೆಯೆಂದು ತಿಳಿದಾಗ, ತಮ್ಮ ಅತ್ಯುತ್ತಮ ಸ್ಪರ್ಧೆಯನ್ನೇ ಬಿಟ್ಟುಕೊಟ್ಟರು. ಬದಲಿಗೆ 400 ಮೀಟರ್‌ಗೆ ತಯಾರಾಗಿ, 47.6 ಸೆಕೆಂಡಿನಲ್ಲಿ ಓಡಿ ಚಿನ್ನ ಗೆದ್ದರು. ಅವರ ಕಥೆಯನ್ನು ಆಧರಿಸಿದ ‘ಚಾರಿಯಟ್ಸ್ ಆಫ್ ಫೈರ್’ ಚಿತ್ರ 1981ರಲ್ಲಿ ಬಂದಿತು. ಸಿನಿಮಾದ ನೂರು ವರ್ಷಗಳ ನೆನಪಿಗೆ ವ್ಯಾಟಿಕನ್ 1995ರಲ್ಲಿ ಪ್ರಕಟಿಸಿದ 45 ಚಿತ್ರಗಳ ಪಟ್ಟಿಯಲ್ಲಿ ಅದಕ್ಕೂ ಸ್ಥಾನ ಸಿಕ್ಕಿತು.

ಕಥೆಯ ಈ ಭಾಗ ನಮ್ಮ ಪ್ರವಚನಗಳಲ್ಲಿ ಆಗಾಗ ಕೇಳಿಬರುತ್ತದೆ. ಮುಂದಿನ ಭಾಗ ಅಷ್ಟಾಗಿ ಕೇಳಿಬರುವುದಿಲ್ಲ. ಲಿಡೆಲ್ ಚೀನಾಕ್ಕೆ ಮರಳಿ ಶಿಕ್ಷಕರಾಗಿ, ಮಿಶನರಿಯಾಗಿ ದುಡಿದರು. ಎರಡನೇ ಮಹಾಯುದ್ಧದ ಕಾಲದಲ್ಲಿ ಜಪಾನೀಯರು ಅವರನ್ನು ವೈಶಿಯೆನ್ ಎಂಬಲ್ಲಿನ ಬಂಧನ ಶಿಬಿರದಲ್ಲಿಟ್ಟರು. ಅಲ್ಲಿ ತಂದೆತಾಯಿಗಳಿಂದ ದೂರವಾದ ಮಕ್ಕಳಿದ್ದರು. ಲಿಡೆಲ್ ಅವರಿಗೆ ಪಾಠ ಹೇಳಿದರು, ಆಟ ಆಡಿಸಿದರು. ಭಾನುವಾರ ಆಟ ಬೇಡವೆಂಬುದು ಅಲ್ಲಿಯೂ ಅವರ ನಿಯಮವಾಗಿತ್ತು. ಆದರೆ ಮಕ್ಕಳು ತಾವಾಗಿಯೇ ಒಂದು ಭಾನುವಾರ ಹಾಕಿ ಆಡಲು ಹೋಗಿ, ರೆಫರಿಯಿಲ್ಲದೆ ಜಗಳವಾಡಿಕೊಂಡಾಗ, ಅವರೇ ಮುಂದಿನ ಭಾನುವಾರ ಮೈದಾನಕ್ಕಿಳಿದು ರೆಫರಿಯಾಗಿ ನಿಂತರೆಂದು ಶಿಬಿರದಲ್ಲಿದ್ದವರು ನೆನಪಿಸಿಕೊಂಡಿದ್ದಾರೆ. 1945ರ ಫೆಬ್ರವರಿ 21ರಂದು ಅದೇ ಶಿಬಿರದಲ್ಲಿ ಮೆದುಳಿನ ಗಡ್ಡೆಯಿಂದ ಅವರು ತೀರಿಕೊಂಡರು.

ಒಲಿಂಪಿಕ್ ಚಿನ್ನಕ್ಕಾಗಿ ಭಾನುವಾರವನ್ನು ಬಿಡದವರು ಅನಾಥರಂತಿದ್ದ ಮಕ್ಕಳಿಗಾಗಿ ತಮ್ಮ ನಿಯಮವನ್ನು ಸಡಿಲಿಸಿದರು. ಎರಡು ಸಲವೂ ಅವರು ತಮ್ಮ ಲಾಭವನ್ನು ನೋಡಲಿಲ್ಲ. ಸಬ್ಬತ್ ದಿನ ಇರುವುದು ಮನುಷ್ಯನಿಗಾಗಿ ಎಂಬ ಪ್ರಭುವಿನ ಬೋಧನೆಯನ್ನು ಇದಕ್ಕಿಂತ ಚೆನ್ನಾಗಿ ಬಾಳಿ ತೋರಿಸುವುದು ಕಷ್ಟ.

ಕಥೋಲಿಕರಾದ ನಮಗೆ ನಿಯಮವೇನು? ಭಾನುವಾರ ಆಡುವುದು ಪಾಪವೆಂದು ಧರ್ಮಸಭೆ ಹೇಳುವುದಿಲ್ಲ. ಭಾನುವಾರದ ಬಲಿಪೂಜೆಯಲ್ಲಿ ಭಾಗವಹಿಸುವುದು ಮಾತ್ರ ಕಡ್ಡಾಯ. ಶನಿವಾರ ಸಂಜೆಯ ಬಲಿಪೂಜೆಯಿಂದಲೂ ಈ ಕರ್ತವ್ಯ ನೆರವೇರುತ್ತದೆಂದು ಧರ್ಮಸಭೆಯ ಕಾನೂನಿನ 1248ನೇ ವಿಧಿ ತಿಳಿಸುತ್ತದೆ. ಧರ್ಮೋಪದೇಶ ಗ್ರಂಥದ 2187ನೇ ಸಂಖ್ಯೆ ಇನ್ನೊಂದು ಮಾತನ್ನು ಸೇರಿಸುತ್ತದೆ: ನಮ್ಮ ಮನರಂಜನೆಗಾಗಿ ಬೇರೆಯವರ ಭಾನುವಾರವನ್ನು ಕಿತ್ತುಕೊಳ್ಳಬಾರದು. ಟೂರ್ನಮೆಂಟ್ ದಿನ ಬೆಳಗಿನ ಜಾವವೇ ಒಲೆ ಹಚ್ಚುವ ಮಹಿಳೆಯರು, ಅಂಪೈರುಗಳು, ಪೆಂಡಾಲಿನ ಕೆಲಸದವರು, ವಾಹನ ಚಾಲಕರು ಬಲಿಪೂಜೆಗೆ ಹೋಗುವುದು ಯಾವಾಗ? ನಮ್ಮ ಸಂಘಟಕರು ವೇಳಾಪಟ್ಟಿ ಬರೆಯುವಾಗ ಮೊದಲು ಕೇಳಬೇಕಾದ ಪ್ರಶ್ನೆ ಇದು.

ಗೆಲುವಿಗಾಗಿ ಪ್ರಾರ್ಥಿಸಬಹುದೇ?

2025ರ ಅಕ್ಟೋಬರ್ 30ರಂದು ನವಿ ಮುಂಬೈಯಲ್ಲಿ ನಡೆದ ಮಹಿಳಾ ವಿಶ್ವಕಪ್ ಕ್ರಿಕೆಟ್ ಸೆಮಿಫೈನಲಿನಲ್ಲಿ ಭಾರತ ತಂಡ ಆಸ್ಟ್ರೇಲಿಯದ ವಿರುದ್ಧ 339 ರನ್ನುಗಳ ಗುರಿಯನ್ನು ಮುಟ್ಟಿತು. ಅಜೇಯ 127 ರನ್ ಗಳಿಸಿದವರು ಮುಂಬೈಯಲ್ಲಿ ಬೆಳೆದ ಮಂಗಳೂರು ಮೂಲದ ಕ್ರೈಸ್ತ ಕುಟುಂಬದ ಜೆಮಿಮಾ ರೊಡ್ರಿಗಸ್. ಪಂದ್ಯದ ನಂತರ ಕಣ್ಣೀರಿಡುತ್ತಲೇ ಅವರು ಯೇಸುವಿಗೆ ಕೃತಜ್ಞತೆ ಹೇಳಿದರು. ತಾವು ಆತಂಕದಿಂದ ಬಳಲಿ ಟೂರ್ನಿಯುದ್ದಕ್ಕೂ ಅತ್ತದ್ದನ್ನು, ತಂಡದಿಂದ ಕೈಬಿಡಲ್ಪಟ್ಟದ್ದನ್ನು ಮುಚ್ಚಿಡಲಿಲ್ಲ. ಕೊನೆಯಲ್ಲಿ ತಮ್ಮ ಶಕ್ತಿ ಕುಂದಿದಾಗ ಬೈಬಲಿನ ಮಾತನ್ನು ನೆನೆಯುತ್ತ ನಿಂತೆನೆಂದರು. ಆ ಮಾತಿಗಾಗಿ ಅನೇಕರು ಅವರನ್ನು ಮೆಚ್ಚಿದರು; ಸಾಮಾಜಿಕ ಜಾಲತಾಣಗಳಲ್ಲಿ ಕೆಲವರು ನಿಂದಿಸಿದರು.

ನಮ್ಮ ಮನೆಗಳಲ್ಲಿ ಸಂಭ್ರಮವಾದದ್ದು ಸಹಜ. ಆದರೆ ಇಲ್ಲಿ ಒಂದು ವಿವೇಚನೆ ಬೇಕು. ದೇವರು ಭಾರತದ ಪಕ್ಷ ವಹಿಸಿ ಆಸ್ಟ್ರೇಲಿಯವನ್ನು ಸೋಲಿಸಿದರೆಂದು ನಾವು ಹೇಳಲಾರೆವು. ಎದುರಾಳಿ ತಂಡದಲ್ಲೂ ಪ್ರಾರ್ಥಿಸುವವರಿರುತ್ತಾರೆ. ಜೆಮಿಮಾ ಅವರ ಸಾಕ್ಷ್ಯದ ಬೆಲೆ ಅಂಕಪಟ್ಟಿಯಲ್ಲಿಲ್ಲ. ಕುಸಿದವಳನ್ನು ದೇವರು ಕೈಬಿಡಲಿಲ್ಲ ಎಂಬ ಕೃತಜ್ಞತೆಯಲ್ಲಿದೆ. ಅಂದು ಸೋತಿದ್ದರೂ ಆ ಮಾತು ಅಷ್ಟೇ ಸತ್ಯವಾಗಿರುತ್ತಿತ್ತು. ಮಕ್ಕಳಿಗೆ ನಾವು ಕಲಿಸಬೇಕಾದದ್ದು ಧೈರ್ಯಕ್ಕಾಗಿ, ನ್ಯಾಯವಾಗಿ ಆಡುವ ಮನಸ್ಸಿಗಾಗಿ, ಎರಡೂ ತಂಡಗಳಲ್ಲಿ ಯಾರಿಗೂ ಪೆಟ್ಟಾಗದಿರಲೆಂದು ಪ್ರಾರ್ಥಿಸುವುದನ್ನು.

2025ರ ಜೂನ್ 15ರಂದು, ಕ್ರೀಡಾ ಜುಬಿಲಿಯ ಬಲಿಪೂಜೆಯಲ್ಲಿ, ಪೋಪ್ ಹದಿನಾಲ್ಕನೇ ಲಿಯೋ ಇದೇ ವಿಷಯವನ್ನು ಮುಟ್ಟಿದರು. ಗೆದ್ದವರಿಗೆ ಮಾತ್ರ ಬೆಲೆಯೆನ್ನುವ ಸಮಾಜದಲ್ಲಿ ಕ್ರೀಡೆ ಸೋಲುವುದನ್ನೂ ಕಲಿಸುತ್ತದೆ ಎಂಬುದು ಅವರ ಬೋಧನೆಯ ಒಂದು ಮುಖ್ಯ ಅಂಶ. ಪರೀಕ್ಷೆಯ ಒಂದು ಸೋಲಿಗೆ ಮಕ್ಕಳು ಜೀವವನ್ನೇ ಕಳೆದುಕೊಳ್ಳುತ್ತಿರುವ ಕಾಲದಲ್ಲಿ ಇದು ಸಣ್ಣ ಪಾಠವಲ್ಲ.

ಅಭಿಮಾನ, ಹಣ ಮತ್ತು ಜೂಜು

ಅಭಿಮಾನ ತಪ್ಪಲ್ಲ. ಅದು ಉನ್ಮಾದವಾದಾಗ ಏನಾಗುತ್ತದೆಂದು ನಮ್ಮ ರಾಜ್ಯ ಇತ್ತೀಚೆಗೆ ಕಂಡಿದೆ. 2025ರ ಜೂನ್ 4ರಂದು ಐಪಿಎಲ್ ವಿಜಯೋತ್ಸವದ ವೇಳೆ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ನಡೆದ ನೂಕುನುಗ್ಗಲಿನಲ್ಲಿ 11 ಮಂದಿ ಪ್ರಾಣ ಕಳೆದುಕೊಂಡರು. ಅವರಲ್ಲಿ ಹೆಚ್ಚಿನವರು ಎಳೆಯರು. ವ್ಯವಸ್ಥೆಯ ಲೋಪದ ವಿಚಾರಣೆ ಆಯಾ ಸಂಸ್ಥೆಗಳ ಕೆಲಸ. ಆದರೆ ಲಕ್ಷಾಂತರ ಜನರನ್ನು ಒಂದೇ ಕಡೆಗೆ ಎಳೆದು ತರುವ ಆ ಸೆಳೆತ ಏನೆಂದು ತಂದೆತಾಯಿಗಳೂ ಧರ್ಮಶಿಕ್ಷಕರೂ ಮಕ್ಕಳೊಂದಿಗೆ ಕುಳಿತು ಮಾತಾಡಬೇಕು.

ಜೂಜಿನ ವಿಷಯವೂ ಹಾಗೆಯೇ. ಧರ್ಮೋಪದೇಶ ಗ್ರಂಥದ 2413ನೇ ಸಂಖ್ಯೆಯ ಪ್ರಕಾರ ಪಣ ಕಟ್ಟುವ ಆಟ ತನ್ನಷ್ಟಕ್ಕೆ ಅನ್ಯಾಯವಲ್ಲ. ಆದರೆ ಅದು ಒಬ್ಬನ ಅಥವಾ ಅವನ ಮನೆಯವರ ಅಗತ್ಯಗಳನ್ನು ಕಸಿಯುವುದಾದರೆ ಒಪ್ಪತಕ್ಕದ್ದಲ್ಲ. ಜೂಜಿನ ಚಟವು ಗುಲಾಮಗಿರಿಯಾಗುವ ಅಪಾಯವನ್ನೂ ಅದು ಹೇಳುತ್ತದೆ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯಿದೆಯನ್ನು 2025ರ ಆಗಸ್ಟ್‌ನಲ್ಲಿ ನಮ್ಮ ಸಂಸತ್ತು ಅಂಗೀಕರಿಸಿತು. ಕಾನೂನು ಆ್ಯಪನ್ನು ಮುಚ್ಚಿಸಬಹುದು; ಸಾಲದಲ್ಲಿ ಮುಳುಗಿ ಮನೆಯವರಿಗೆ ಮುಖ ತೋರಿಸಲಾರದ ಯುವಕನ ಬಾಗಿಲು ತಟ್ಟಲಾರದು. ಅದು ವಾರ್ಡಿನ ಗುರಿಕಾರರು, ನೆರೆಯವರು, ಗುರುಗಳು ಮಾಡಬೇಕಾದ ಕೆಲಸ.

ನಮ್ಮವರಿಗೆ ಮಾತ್ರವೇ?

1887ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ ಮಾರಿಸ್ಟ್ ಸಂಸ್ಥೆಯ ಬ್ರದರ್ ವಾಲ್‌ಫ್ರಿಡ್ ಎಂಬವರು ಒಂದು ಚರ್ಚ್ ಸಭಾಂಗಣದಲ್ಲಿ ಸೆಲ್ಟಿಕ್ ಎಂಬ ಫುಟ್‌ಬಾಲ್ ಕ್ಲಬ್ಬನ್ನು ಆರಂಭಿಸಿದರು. ನಗರದ ಪೂರ್ವ ಭಾಗದ ಬಡ ಮಕ್ಕಳಿಗೆ ಊಟ ಕೊಡಲು ಹಣ ಕೂಡಿಸುವುದು ಉದ್ದೇಶ. ಇಷ್ಟು ಶುದ್ಧವಾದ ಆರಂಭ ಬೇರೆ ಯಾವ ಕ್ಲಬ್ಬಿಗಿದೆ? ಹಾಗಿದ್ದರೂ ಮುಂದೆ ಅದೇ ನಗರದ ರೇಂಜರ್ಸ್ ಕ್ಲಬ್ಬಿನೊಡನೆ ನಡೆದ ಪೈಪೋಟಿಗೆ ಕಥೋಲಿಕ-ಪ್ರೊಟೆಸ್ಟಂಟ್ ವೈರದ ಬಣ್ಣ ಬಂತು. ಎರಡೂ ಕಡೆಯ ಅಭಿಮಾನಿಗಳಲ್ಲಿ ದ್ವೇಷದ ಘೋಷಣೆಗಳೂ ಹಿಂಸೆಯೂ ತಲೆಮಾರುಗಳವರೆಗೆ ಬೆಳೆದವು.

ಈ ದೂರದ ಕಥೆಯನ್ನು ನಾವು ಹೇಳುವುದಕ್ಕೆ ಕಾರಣವಿದೆ. ನಮ್ಮ ಕರಾವಳಿಯಲ್ಲೂ ಸಮುದಾಯಕ್ಕೊಂದು ಟೂರ್ನಮೆಂಟ್ ನಡೆಯುತ್ತದೆ. ನಮ್ಮವರ ಒಗ್ಗಟ್ಟಿಗೆ ವರ್ಷಕ್ಕೊಂದು ಕೂಟ ಇರಲಿ, ತಪ್ಪಿಲ್ಲ. ಆದರೆ ಎಲ್ಲ ಮೈದಾನಗಳೂ ಹಾಗಾದರೆ, ಒಂದೇ ಬಸ್ಸಿನಲ್ಲಿ ಕಾಲೇಜಿಗೆ ಹೋಗುವ ಹುಡುಗರು ಒಟ್ಟಿಗೆ ಆಡುವುದೆಲ್ಲಿ? ಕೋಮು ಗಲಭೆಗಳ ನೋವು ಕಂಡ ಈ ಜಿಲ್ಲೆಗಳಲ್ಲಿ, ಚರ್ಚ್ ಮೈದಾನ ನೆರೆಮನೆಯ ಹಿಂದೂ, ಮುಸ್ಲಿಂ ಹುಡುಗನಿಗೂ ತೆರೆದಿರುವುದು ಸಾವಿರ ಶಾಂತಿ ಭಾಷಣಗಳಿಗಿಂತ ಮೇಲು.

ಹಾಡು, ನಾಟಕ, ಸಿನಿಮಾ

ಜನಪ್ರಿಯ ಕಲೆಯ ವಿಷಯದಲ್ಲೂ ಇದೇ ಅಳತೆಗೋಲು. 1936ರಲ್ಲಿ ಪೋಪ್ ಹನ್ನೊಂದನೇ ಪಿಯುಸ್ ಸಿನಿಮಾ ಕುರಿತಾಗಿಯೇ ವಿಶ್ವಪತ್ರ ಬರೆದು ಅದರ ಶಕ್ತಿಯನ್ನೂ ಅಪಾಯವನ್ನೂ ಗುರುತಿಸಿದರು. 1963ರಲ್ಲಿ ವ್ಯಾಟಿಕನ್ ಮಹಾಸಭೆ ಸಮೂಹ ಮಾಧ್ಯಮಗಳ ಕುರಿತು ಪ್ರತ್ಯೇಕ ಆದೇಶ ಹೊರಡಿಸಿತು. ನಮ್ಮ ಕೊಂಕಣಿ ಸಮುದಾಯದಲ್ಲಂತೂ ಹಾಡು-ನಾಟಕಗಳು ಜೀವನಾಡಿ. ವಿಲ್ಫಿ ರೆಬಿಂಬಸ್ (1942-2010) ಅವರ ಹಾಡುಗಳು ದುಡಿಯಲು ಮುಂಬೈಗೂ ಕೊಲ್ಲಿ ರಾಷ್ಟ್ರಗಳಿಗೂ ಹೋದವರ ಒಂಟಿತನಕ್ಕೆ ಜೊತೆಯಾದವು. 1986ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಮಾಂಡ್ ಸೊಭಾಣ್ ಗುಮಟೆಯ ನಾದವನ್ನು ಮತ್ತೆ ವೇದಿಕೆಗೆ ತಂದು, 2008ರ ಜನವರಿಯಲ್ಲಿ 40 ಗಂಟೆಗಳ ನಿರಂತರ ಕೊಂಕಣಿ ಗಾಯನ ನಡೆಸಿತು. ಇಂಥ ಕಲೆಯನ್ನು ಲೌಕಿಕವೆಂದು ತಳ್ಳಿಹಾಕುವುದು ಜನರ ಹೃದಯವನ್ನೇ ತಳ್ಳಿಹಾಕಿದಂತೆ.

ಆದರೆ ಪ್ರತಿಯೊಂದಕ್ಕೂ ಅದರದೇ ಜಾಗವಿದೆ. ಅಂಗಸಾಧಕರಿಗೆ ವ್ಯಾಟಿಕನ್ ಅಂಗಳ ತೆರೆದ ಅದೇ ಹತ್ತನೇ ಪಿಯುಸ್, 1903ರಲ್ಲಿ ನಾಟಕಶಾಲೆಯ ಶೈಲಿಯ ಸಂಗೀತ ಬಲಿಪೂಜೆಯಲ್ಲಿ ಸಲ್ಲದೆಂದು ಆಜ್ಞೆ ಹೊರಡಿಸಿದ್ದರು. ಸಿನಿಮಾ ಹಾಡನ್ನು ಮದುವೆಯ ಸತ್ಕಾರದಲ್ಲಿ ಹಾಡಲಿ. ಅದೇ ರಾಗಕ್ಕೆ ಭಕ್ತಿಯ ಪದ ಹೊಂದಿಸಿ ಪರಮಪ್ರಸಾದದ ವೇಳೆ ಹಾಡಿದರೆ ಕೇಳುವವರ ಮನಸ್ಸು ಎಲ್ಲಿಗೆ ಹೋಗುತ್ತದೆಂದು ಗಾಯನ ಮಂಡಳಿಗಳು ಯೋಚಿಸಲಿ.

ಯುವಜನರಿಗೆ ಮಾದರಿಗಳ ಕೊರತೆಯೂ ಇಲ್ಲ. 2025ರ ಸೆಪ್ಟೆಂಬರ್ 7ರಂದು ಒಂದೇ ದಿನ ಸಂತ ಪದವಿಗೇರಿದ ಇಬ್ಬರನ್ನು ನೋಡಿ. ಪಿಯೆರ್ ಜೊರ್ಜೊ ಫ್ರಸ್ಸಾತಿ (1901-1925) ಪರ್ವತಾರೋಹಿ. ಗೆಳೆಯರೊಂದಿಗೆ ಬೆಟ್ಟ ಹತ್ತುತ್ತಿದ್ದ, ತುರಿನ್ನಿನ ಬಡವರ ಮನೆಗಳಿಗೆ ಸದ್ದಿಲ್ಲದೆ ಹೋಗುತ್ತಿದ್ದ ಯುವಕ. ಕಾರ್ಲೊ ಅಕೂತಿಸ್ (1991-2006) ವಿಡಿಯೊ ಗೇಮ್ ಇಷ್ಟಪಡುತ್ತಿದ್ದ ಹುಡುಗ. ಅದಕ್ಕೆ ವಾರಕ್ಕೆ ಒಂದೇ ಗಂಟೆಯೆಂದು ತಾನೇ ಮಿತಿ ಹಾಕಿಕೊಂಡಿದ್ದ. ಇಬ್ಬರೂ ಆಟವನ್ನು ಬಿಡಲಿಲ್ಲ, ಆಟಕ್ಕೆ ಆಳೂ ಆಗಲಿಲ್ಲ.

ಧರ್ಮಕೇಂದ್ರಗಳಿಗೆ ಕೆಲವು ಸಲಹೆಗಳು

1. ಭಾನುವಾರದ ಪಂದ್ಯ ಬಲಿಪೂಜೆಯ ನಂತರವೇ ಶುರುವಾಗಲಿ. ಬೆಳಿಗ್ಗೆಯೇ ದುಡಿಯಬೇಕಾದವರಿಗೆ ಶನಿವಾರ ಸಂಜೆಯ ಬಲಿಪೂಜೆಗೆ ಅನುಕೂಲ ಮಾಡಿಕೊಡಿ.

2. ಮಕ್ಕಳ ಪಂದ್ಯಗಳಲ್ಲಿ ತಂಡದ ಪ್ರತಿಯೊಬ್ಬ ಮಗುವಿಗೂ ಆಡುವ ಅವಕಾಶ ಸಿಗುವ ನಿಯಮ ಇರಲಿ. ದಿನವಿಡೀ ಹೊರಗೆ ಕುಳಿತು ಮನೆಗೆ ಮರಳಿದ ಮಗು ಯಾವ ಪಾಠ ಕಲಿತಂತಾಯಿತು?

3. ಮೈದಾನದ ಸಮಯ ಹೆಣ್ಣುಮಕ್ಕಳಿಗೂ ಸಮನಾಗಿ ಸಿಗಲಿ. ತ್ರೋಬಾಲ್ ಒಂದೇ ಅವರ ಆಟವೆಂಬ ಅಭ್ಯಾಸ ಬಿಡೋಣ.

4. ಮದ್ಯ, ಜೂಜಿಗೆ ಸಂಬಂಧಿಸಿದ ಪ್ರಾಯೋಜಕತ್ವ ಬೇಡ. ಪಂದ್ಯದ ಮೇಲೆ ಬಾಜಿ ಕಟ್ಟುವುದು ಕಂಡರೆ ಸಂಘಟಕರು ಕಣ್ಣು ಮುಚ್ಚಬಾರದು.

5. ತರಬೇತಿಗೆ ಬರುವ ಮಕ್ಕಳ ಸುರಕ್ಷತೆಗೆ ಹೊಣೆಗಾರರನ್ನು ನೇಮಿಸಿ. ಒಬ್ಬರೇ ಹಿರಿಯರ ವಶದಲ್ಲಿ ಮಕ್ಕಳನ್ನು ಬಿಡದಿರಿ.

6. ವರ್ಷಕ್ಕೊಂದಾದರೂ ಪಂದ್ಯಾವಳಿ ಊರಿನ ಎಲ್ಲರಿಗೂ ತೆರೆದಿರಲಿ. ಉಳಿಕೆ ಹಣದಲ್ಲಿ ಒಂದು ಪಾಲು ಬಡ ಮಗುವಿನ ಶಿಕ್ಷಣಕ್ಕೋ ರೋಗಿಯ ಔಷಧಿಗೋ ಸಲ್ಲಲಿ.

7. ಆಟಕ್ಕೆ ಬಂದ ಯುವಕನಿಗೆ, ಪೂಜೆಗೆ ಯಾಕೆ ಬರುವುದಿಲ್ಲವೆಂಬ ಮಾತನ್ನೇ ಮೊದಲು ಆಡಬೇಡಿ. ಹೆಸರು ಹಿಡಿದು ಮಾತಾಡಿಸಿ, ಮನೆಯ ಸುದ್ದಿ ಕೇಳಿ. ಗುರುಗಳು ಟ್ರೋಫಿ ಹಂಚಲು ಮಾತ್ರ ಬರದೆ ಒಂದು ಪಂದ್ಯವನ್ನಾದರೂ ಕುಳಿತು ನೋಡಲಿ.

ಕ್ರೀಡೆಯಾಗಲಿ ಕಲೆಯಾಗಲಿ, ನಾವು ಕೇಳಬೇಕಾದ ಪ್ರಶ್ನೆಗಳು ಕೆಲವೇ. ಇದು ಪ್ರಭುವಿನ ದಿನವನ್ನು ನುಂಗುತ್ತಿದೆಯೇ? ಬಡವನ ಅನ್ನವನ್ನು ಕಸಿಯುತ್ತಿದೆಯೇ? ಎದುರಾಳಿಯನ್ನು ಶತ್ರುವಾಗಿಸುತ್ತಿದೆಯೇ? ಇಲ್ಲವೆಂದಾದರೆ ನಮ್ಮ ಮಕ್ಕಳು ಮನಬಿಚ್ಚಿ ಆಡಲಿ, ಹಾಡಲಿ. ಹೌದೆಂದಾದರೆ, ಎಷ್ಟೇ ದೊಡ್ಡ ಬ್ಯಾನರಿನ ಕಾರ್ಯಕ್ರಮವಾದರೂ ತಿದ್ದಿಕೊಳ್ಳುವ ಧೈರ್ಯ ನಮಗಿರಲಿ. ಮುಂದಿನ ಪಾಲನಾ ಪರಿಷದ್ ಸಭೆಯಲ್ಲಿ, ಪ್ರವೇಶ ಶುಲ್ಕ ಎಷ್ಟೆಂದು ನಿರ್ಧರಿಸುವ ಮುನ್ನ, ಈ ಮೂರು ಪ್ರಶ್ನೆಗಳಿಗೆ ಹತ್ತು ನಿಮಿಷ ಮೀಸಲಿಡಬೇಕೆಂದು ನಾವು ವಿನಂತಿಸುತ್ತೇವೆ.